ಬಿ. ಸರೋಜಾದೇವಿ: ತಮಿಳು, ಕನ್ನಡದ ಮೇರು ಚಿತ್ರಗಳು

ಸರೋಜಾದೇವಿ, ಬಿ. (7 ಜನವರಿ 1938 – 14 ಜುಲೈ 2025): ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡ ಚಿತ್ರದಿಂದ ಬೆಳ್ಳಿತೆರೆಗೆ ಬಂದು, ತಮಿಳು ಚಿತ್ರರಂಗದ ಅತ್ಯಂತ ಜನಪ್ರಿಯ ನಾಯಕಿಯರಲ್ಲಿ ಒಬ್ಬರಾದ ಕಲಾವಿದೆ. ತೆಲುಗು ಮತ್ತು ಹಿಂದಿಯಲ್ಲೂ ನಾಯಕಿಯಾಗಿ ನಟಿಸಿದರು. ಕನ್ನಡಿಗರು ಇವರನ್ನು ‘ಅಭಿನಯ ಸರಸ್ವತಿ’ ಎಂದು ಕರೆದರು, ತಮಿಳರು ‘ಕನ್ನಡತ್ತು ಪೈಂಗಿಳಿ’ ಎಂದು ಮುದ್ದಿನಿಂದ ಕೂಗಿದರು. 1955ರಿಂದ 1984ರವರೆಗಿನ 29 ವರ್ಷಗಳಲ್ಲಿ ಸತತವಾಗಿ 161 ಚಿತ್ರಗಳಲ್ಲಿ ಮುಖ್ಯ ಪಾತ್ರ ವಹಿಸಿದ್ದು ಇವರ ಹೆಸರಿನಲ್ಲಿರುವ ದಾಖಲೆ. ಎಂ.ಜಿ. ರಾಮಚಂದ್ರನ್ (ಎಂಜಿಆರ್) ಜೊತೆ 26, ಶಿವಾಜಿ ಗಣೇಶನ್ ಜೊತೆ 22 ಚಿತ್ರಗಳಲ್ಲಿ ಅಭಿನಯಿಸಿದರು. ಇವರ ಚಿತ್ರಗಳಲ್ಲಿ ಇಂದಿಗೂ ಕೂತು ನೋಡುವಂತಿರುವ, ಅಭಿನಯದ ದೃಷ್ಟಿಯಿಂದ ಮುಖ್ಯವಾದ ಕೆಲವನ್ನು ಈ ಲೇಖನ ಪರಿಶೀಲಿಸುತ್ತದೆ.

ಮೈಸೂರು ರಸ್ತೆಯ ಎರಡು ತುದಿ

ಸರೋಜಾದೇವಿಯವರ ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ. ಮನೆತನದ ಊರು ಚನ್ನಪಟ್ಟಣ ತಾಲ್ಲೂಕಿನ ದಶವಾರ. ಬೆಂಗಳೂರಿನಿಂದ ಆ ಸೀಮೆಗೆ ಹೊರಟರೆ ರಾಜರಾಜೇಶ್ವರಿನಗರದ ಕಮಾನು ದಾಟಿ, ಕೆಂಗೇರಿ, ಬಿಡದಿ, ರಾಮನಗರದ ಮೇಲೆ ಸುಮಾರು 60 ಕಿ.ಮೀ. ಮೈಸೂರು ರಸ್ತೆ ಹಿಡಿಯಬೇಕು. ಚನ್ನಪಟ್ಟಣ, ಮದ್ದೂರು, ಮಂಡ್ಯದ ಕಡೆಯಿಂದ ನಗರಕ್ಕೆ ಬಂದು ಈ ರಸ್ತೆಯ ಆಸುಪಾಸಿನಲ್ಲೇ ನೆಲೆ ನಿಂತ ಮನೆಗಳು ಪಶ್ಚಿಮ ಬೆಂಗಳೂರಿನಲ್ಲಿ ಬಹಳ. ಅವರ ಪಾಲಿಗೆ ಸರೋಜಾದೇವಿ ಮದರಾಸಿನ ತಾರೆಯಾಗುವ ಮೊದಲು ‘ನಮ್ಮ ಕಡೆಯ ಹುಡುಗಿ’.

ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಕಲಾವಿದರು ಒಂದು ಭಾಷೆಯ ಸೆಟ್ಟಿನಿಂದ ಪಕ್ಕದ ಭಾಷೆಯ ಸೆಟ್ಟಿಗೆ ನಡೆದುಹೋಗುತ್ತಿದ್ದರು. ಸರೋಜಾದೇವಿಯವರ ತಮಿಳು ಚಿತ್ರಗಳನ್ನು ಕನ್ನಡದವುಗಳಿಂದ ಬೇರ್ಪಡಿಸಿ ಕೊಂಡಾಡುವ ರೂಢಿ ಎರಡೂ ಕಡೆ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಆ ನಟಿಯ ಪೂರ್ಣ ಅಳತೆ ಸಿಗುತ್ತದೆ ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ.

ಪ್ರವೇಶ

ಹದಿಹರೆಯದ ಹುಡುಗಿ ಸಮಾರಂಭವೊಂದರಲ್ಲಿ ಹಾಡಿದ್ದನ್ನು ಕೇಳಿ ಗುರುತಿಸಿದವರು ನಟ, ಗಾಯಕ ಹೊನ್ನಪ್ಪ ಭಾಗವತರ್. ಅವರು ನಿರ್ಮಿಸಿ, ನಾಯಕರಾಗಿ ನಟಿಸಿದ ‘ಮಹಾಕವಿ ಕಾಳಿದಾಸ’ (1955, ನಿರ್ದೇಶನ ಕು.ರಾ. ಸೀತಾರಾಮಶಾಸ್ತ್ರಿ) ಚಿತ್ರದಲ್ಲಿ ವಿದ್ಯಾಧರೆಯ ಪಾತ್ರ ಇವರದಾಯಿತು. ಚಿತ್ರ ಕನ್ನಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದಿತು. ಪಾಂಡಿತ್ಯದ ಗರ್ವವಿರುವ ರಾಜಕುಮಾರಿಯನ್ನು ಹದಿನೇಳರ ಹುಡುಗಿ ಆಡಿ ತೋರಿಸುವುದು ಸಣ್ಣ ಮಾತಲ್ಲ. ಮುಂದೆ ಮುದ್ದುಮಾತಿನ ನಾಯಕಿಯೆಂದು ಹೆಸರಾದವರ ಮೊದಲ ಪಾತ್ರವೇ ಗಂಭೀರವಾದ ವಿದುಷಿಯದು ಎಂಬುದನ್ನು ನೆನಪಿಡಬೇಕು.

1957ರಲ್ಲಿ ಬಿ.ಆರ್. ಪಂತುಲು ಅವರ ಪದ್ಮಿನಿ ಪಿಕ್ಚರ್ಸ್ ಸಂಸ್ಥೆ ಒಂದೇ ಕಥೆಯನ್ನು ಕನ್ನಡದಲ್ಲಿ ‘ರತ್ನಗಿರಿ ರಹಸ್ಯ’ ಎಂದೂ ತಮಿಳಿನಲ್ಲಿ ‘ತಂಗಮಲೈ ರಗಸಿಯಂ’ ಎಂದೂ ತೆರೆಗೆ ತಂದಿತು. ತಮಿಳು ಚಿತ್ರದಲ್ಲಿ ಸರೋಜಾದೇವಿ ನರ್ತಕಿಯಾಗಿ ಸ್ವಲ್ಪ ಹೊತ್ತು ಕಾಣಿಸಿಕೊಂಡರು. ಮರುವರ್ಷ ಕನ್ನಡದಲ್ಲಿ ‘ಸ್ಕೂಲ್ ಮಾಸ್ಟರ್’, ‘ಅಣ್ಣ ತಂಗಿ’ ಬಂದವು.

ತಮಿಳಿನಲ್ಲಿ ಬಾಗಿಲು ತೆರೆದದ್ದು 1958ರ ಆಗಸ್ಟ್ 22ರಂದು ಬಿಡುಗಡೆಯಾದ ‘ನಾಡೋಡಿ ಮನ್ನನ್’. ಎಂಜಿಆರ್ ಮೊದಲ ಬಾರಿಗೆ ನಿರ್ದೇಶಿಸಿ, ತಾವೇ ಹಣ ಹೂಡಿ, ರಾಜ ಮತ್ತು ಸಾಮಾನ್ಯ ಪ್ರಜೆಯಾಗಿ ದ್ವಿಪಾತ್ರ ಮಾಡಿದ ಸಾಹಸವದು. ಮೊದಲ ಭಾಗದ ನಾಯಕಿ ಪಿ. ಭಾನುಮತಿ. ಕಪ್ಪು ಬಿಳುಪಿನಲ್ಲಿ ಸಾಗುವ ಚಿತ್ರ ಕೊನೆಯ ಭಾಗದಲ್ಲಿ ಗೇವಾಕಲರ್ ಬಣ್ಣಕ್ಕೆ ತಿರುಗುತ್ತದೆ. ಸರೋಜಾದೇವಿಯವರ ರಾಜಕುಮಾರಿ ರತ್ನಾ ತೆರೆಯ ಮೇಲೆ ಬರುವುದೂ ಕಥೆಯ ಈ ಉತ್ತರಾರ್ಧದಲ್ಲೇ. ಹೊಸ ಮುಖ, ಹೊಸ ಬಣ್ಣ ಒಟ್ಟಿಗೆ ಬಂದದ್ದು ತಮಿಳು ಪ್ರೇಕ್ಷಕರ ಕಣ್ಣಲ್ಲಿ ಅಚ್ಚೊತ್ತಿತು.

ಮನಸ್ಸಿನಲ್ಲಿಟ್ಟುಕೊಳ್ಳುವ ಹೆಣ್ಣು

ಸರೋಜಾದೇವಿಯವರ ತಮಿಳು ಮೇರು ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅವರ ದೊಡ್ಡ ಪಾತ್ರಗಳೆಲ್ಲ ಏನನ್ನೋ ಬಚ್ಚಿಟ್ಟುಕೊಂಡ ಹೆಣ್ಣುಗಳು. ಪ್ರೀತಿಯನ್ನೋ ಗುರುತನ್ನೋ ಕೆಲಸವನ್ನೋ ಎದುರಿನವರಿಗೆ ಹೇಳಲಾಗದ ಸ್ಥಿತಿ ಅವರದು. ಬಾಯಿ ಒಂದನ್ನು ಹೇಳುತ್ತದೆ, ಕಣ್ಣು ಮತ್ತೊಂದನ್ನು. ಆ ಅಂತರವನ್ನು ಪ್ರೇಕ್ಷಕರಿಗೆ ಮಾತ್ರ ಕಾಣುವಂತೆ, ಜೊತೆಯ ಪಾತ್ರಕ್ಕೆ ಕಾಣದಂತೆ ನಿಭಾಯಿಸುವುದರಲ್ಲಿ ಅವರನ್ನು ಮೀರಿಸಿದವರು ಆ ತಲೆಮಾರಿನಲ್ಲಿ ವಿರಳ.

ಇದರ ಮೊದಲ ನಿದರ್ಶನ ‘ಕಲ್ಯಾಣ ಪರಿಸು’ (1959). ಸಿ.ವಿ. ಶ್ರೀಧರ್ ನಿರ್ದೇಶಿಸಿದ ಮೊದಲ ಚಿತ್ರ, ಎ.ಎಂ. ರಾಜಾ ಅವರ ಸಂಗೀತ. ಕಾಲೇಜಿನಲ್ಲಿ ಓದುವ ವಸಂತಿ (ಸರೋಜಾದೇವಿ) ಮತ್ತು ಭಾಸ್ಕರ್ (ಜೆಮಿನಿ ಗಣೇಶನ್) ಪರಸ್ಪರ ಮನಸೋತವರು. ಹೊಲಿಗೆ ಕೆಲಸ ಮಾಡಿ ಮನೆ ನಡೆಸುವ ಅಕ್ಕ ಗೀತಾಳಿಗೂ (ವಿಜಯಕುಮಾರಿ) ಅವನ ಮೇಲೆ ಮನಸ್ಸಾಗುತ್ತದೆ. ತಂಗಿಯ ಪ್ರೀತಿ ಅವಳಿಗೆ ತಿಳಿಯದು. ತನಗಾಗಿ ಸವೆದ ಅಕ್ಕನಿಗೆ ವಸಂತಿ ಭಾಸ್ಕರನನ್ನು ಬಿಟ್ಟುಕೊಡುತ್ತಾಳೆ. ಹೇಳಿಕೇಳಿ ತ್ಯಾಗದ ಕಥೆ. ಅಂಥವು ಆಗ ವಾರಕ್ಕೊಂದು ಬರುತ್ತಿದ್ದವು. ಇದನ್ನು ಉಳಿಸಿದ್ದು ತ್ಯಾಗ ಮಾಡಿದ ನಂತರದ ದಿನಗಳು. ಒಂದೇ ಸೂರಿನಡಿ ಅಕ್ಕನ ಸಂಸಾರ ನೋಡುತ್ತ ಓಡಾಡುವ ತಂಗಿಯ ಮುಖದಲ್ಲಿ ಉತ್ಸಾಹ ಸ್ವಲ್ಪ ಹೆಚ್ಚೇ ಇರುತ್ತದೆ. ಆ ಹೆಚ್ಚುವರಿ ಉತ್ಸಾಹವೇ ಅವಳ ನೋವಿನ ಗುರುತು. ಅಳುವ ದೃಶ್ಯಗಳಿಗಿಂತ ಈ ನಗುವ ದೃಶ್ಯಗಳಲ್ಲಿ ಇಪ್ಪತ್ತೊಂದು ವರ್ಷದ ನಟಿಯ ಪ್ರೌಢಿಮೆ ಕಾಣುತ್ತದೆ. ಅಕ್ಕ ತೀರಿಕೊಂಡ ಮೇಲೆ ಭಾಸ್ಕರ್ ತನ್ನ ಮಗುವನ್ನು ವಸಂತಿಯ ಕೈಗೆ ಮದುವೆಯ ಉಡುಗೊರೆಯಾಗಿ ಒಪ್ಪಿಸಿ ಹೊರಟುಹೋಗುತ್ತಾನೆ. ಅದೇ ಪಾತ್ರವನ್ನು ಸರೋಜಾದೇವಿ ತೆಲುಗಿನ ‘ಪೆಳ್ಳಿ ಕಾನುಕ’ (1960) ಚಿತ್ರದಲ್ಲೂ ಮಾಡಿದರು.

1959ರಲ್ಲೇ ಎ. ಭೀಮಸಿಂಗ್ ನಿರ್ದೇಶನದ ‘ಭಾಗ ಪಿರಿವಿನೈ’ ಬಂತು. ಕೈಕಾಲು ಊನವಾದ ಹಳ್ಳಿಗನಾಗಿ ಶಿವಾಜಿ, ಅವನನ್ನು ಮದುವೆಯಾಗುವ ಪೊನ್ನಿಯಾಗಿ ಸರೋಜಾದೇವಿ. ಇದರ ಕಥೆ ಕನ್ನಡಕ್ಕೆ ‘ಮುರಿಯದ ಮನೆ’ (1964) ಆಗಿ ರಾಜ್‌ಕುಮಾರ್ ನಾಯಕತ್ವದಲ್ಲಿ ಬಂತು.

ಭೀಮಸಿಂಗ್ ಅವರದೇ ‘ಪಾಲುಂ ಪಳಮುಂ’ (1961) ಸರೋಜಾದೇವಿಯವರ ತಮಿಳು ಚಿತ್ರಗಳ ಶಿಖರ ಎಂದರೆ ತಪ್ಪಾಗದು. ಕ್ಯಾನ್ಸರ್ ಸಂಶೋಧನೆಯಲ್ಲಿ ಮುಳುಗಿದ ಡಾಕ್ಟರ್ ರವಿಯನ್ನು (ಶಿವಾಜಿ) ಮದುವೆಯಾದ ನರ್ಸ್ ಶಾಂತಿಗೆ ಕ್ಷಯ ತಗಲುತ್ತದೆ. ಗಂಡ ಸಂಶೋಧನೆ ಬಿಟ್ಟು ತನ್ನ ಆರೈಕೆಗೆ ಕೂತದ್ದನ್ನು ಸಹಿಸಲಾಗದೆ ಅವಳು ಮನೆ ಬಿಡುತ್ತಾಳೆ. ಸತ್ತಳೆಂದೇ ಎಲ್ಲರೂ ನಂಬುತ್ತಾರೆ. ರವಿ ಮತ್ತೊಂದು ಮದುವೆಯಾಗುತ್ತಾನೆ. ಎರಡನೆಯ ಹೆಂಡತಿಯ ಪಾತ್ರದಲ್ಲಿ ಸೌಕಾರ್ ಜಾನಕಿ. ಮುಂದೆ ಅವನ ದೃಷ್ಟಿ ಹೋದಾಗ, ಗುಣವಾಗಿ ಬಂದ ಶಾಂತಿ ನೀಲಾ ಎಂಬ ಹೆಸರಿನಲ್ಲಿ ಅವನ ಶುಶ್ರೂಷೆಗೆ ನಿಲ್ಲುತ್ತಾಳೆ. ಕಣ್ಣಿಲ್ಲದ ಗಂಡನಿಗೆ ಅವಳ ಗುರುತು ಸಿಗಬಹುದಾದದ್ದು ದನಿಯಿಂದ ಮಾತ್ರ. ಹೀಗಾಗಿ ನಟಿಯ ಸವಾಲು ಇಬ್ಬಗೆಯದು: ಮಾತಿನಲ್ಲಿ ನರ್ಸಿನ ದೂರ ಕಾಯ್ದುಕೊಳ್ಳಬೇಕು, ಅವನಿಗೆ ಕಾಣುವುದಿಲ್ಲವಾದ್ದರಿಂದ ಮುಖದಲ್ಲಿ ಹೆಂಡತಿಯ ಎಲ್ಲ ಆಸೆಯನ್ನೂ ಬಿಚ್ಚಿಡಬಹುದು. ಈ ಸ್ವಾತಂತ್ರ್ಯವನ್ನು ಅವರು ಬಳಸಿಕೊಂಡ ರೀತಿ ಅಸಾಧಾರಣ. ಶಿವಾಜಿಯಂಥ ಮೇರುನಟನ ಎದುರು ದೃಶ್ಯದ ಭಾರ ಸದ್ದಿಲ್ಲದೆ ಇವರ ಕಡೆ ವಾಲುತ್ತದೆ. ವಿಶ್ವನಾಥನ್–ರಾಮಮೂರ್ತಿ ಜೋಡಿಯ ಸಂಗೀತ, ಕಣ್ಣದಾಸನ್ ಅವರ ಸಾಹಿತ್ಯ, ಪಿ. ಸುಶೀಲಾ ಅವರ ಕಂಠ ಈ ಚಿತ್ರದ ಆಯುಷ್ಯವನ್ನು ಹೆಚ್ಚಿಸಿವೆ. ಸುಶೀಲಾ ಅವರ ದನಿ ಸರೋಜಾದೇವಿಯವರ ತುಟಿಗೆ ಎಷ್ಟು ಹೊಂದುತ್ತಿತ್ತೆಂದರೆ, ಹಾಡುತ್ತಿರುವವರು ಬೇರೆಯವರೆಂಬುದು ಮರೆತೇ ಹೋಗುತ್ತದೆ.

‘ಇರುವರ್ ಉಳ್ಳಂ’ (1963, ನಿರ್ದೇಶನ ಎಲ್.ವಿ. ಪ್ರಸಾದ್) ತಮಿಳು ಕಾದಂಬರಿಕಾರ್ತಿ ಲಕ್ಷ್ಮಿಯವರ ‘ಪೆಣ್ ಮನಂ’ ಆಧರಿಸಿದ ಚಿತ್ರ, ಸಂಭಾಷಣೆ ಎಂ. ಕರುಣಾನಿಧಿ ಅವರದು. ಹೆಂಗಸರ ವಿಷಯದಲ್ಲಿ ಕೆಟ್ಟ ಹೆಸರು ಗಳಿಸಿದ ಶ್ರೀಮಂತನನ್ನು ಮದುವೆಯಾಗಬೇಕಾಗಿ ಬಂದ ಶಿಕ್ಷಕಿ ಅವನನ್ನು ಸುಲಭಕ್ಕೆ ಕ್ಷಮಿಸುವುದಿಲ್ಲ. ಇಲ್ಲಿ ಬಚ್ಚಿಡುವುದು ಪ್ರೀತಿಯನ್ನಲ್ಲ, ತಿರಸ್ಕಾರವನ್ನು. ಸರೋಜಾದೇವಿಯವರ ಸಿಹಿ ಮುಖದಲ್ಲಿ ಅಷ್ಟು ತಣ್ಣನೆಯ ಕೋಪ ಬೇರೆಲ್ಲೂ ಕಾಣಸಿಗದು. ಈ ಚಿತ್ರಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಈ ಸರಣಿಯ ಕೊನೆಯ ದೊಡ್ಡ ಚಿತ್ರ ‘ಪುದಿಯ ಪರವೈ’ (1964, ನಿರ್ದೇಶನ ದಾದಾ ಮಿರಾಸಿ), ಶಿವಾಜಿಯವರ ಸ್ವಂತ ನಿರ್ಮಾಣ, ವರ್ಣಚಿತ್ರ. ಬಂಗಾಳಿಯ ‘ಶೇಷ ಅಂಕ’ದ ಕಥೆಯನ್ನು ಆಧರಿಸಿದ್ದು. ಹಡಗಿನ ಪ್ರಯಾಣದಲ್ಲಿ ಪರಿಚಯವಾದ ಲತಾಳನ್ನು ಶ್ರೀಮಂತ ಗೋಪಾಲ್ ಪ್ರೀತಿಸುತ್ತಾನೆ. ಮದುವೆಯ ಹೊತ್ತಿಗೆ, ಸತ್ತುಹೋಗಿದ್ದಾಳೆಂದು ಅವನು ಹೇಳಿದ್ದ ಮೊದಲ ಹೆಂಡತಿ ತಾನೇ ಎಂದು ಒಬ್ಬಳು ಬಂದು ನಿಲ್ಲುತ್ತಾಳೆ. ಕೊನೆಯಲ್ಲಿ ಗೊತ್ತಾಗುವುದು, ಲತಾ ಆ ಮೊದಲ ಹೆಂಡತಿಯ ಕೊಲೆಯ ತನಿಖೆಗೆಂದು ಬಂದ ಪೊಲೀಸ್ ಇಲಾಖೆಯವಳು ಎಂದು. ಹಿಂದಿನ ಚಿತ್ರಗಳಲ್ಲಿ ನಾಯಕಿಯ ಗುಟ್ಟು ಪ್ರೇಕ್ಷಕರಿಗೆ ತಿಳಿದಿರುತ್ತಿತ್ತು, ಇಲ್ಲಿ ಅವರಿಗೂ ತಿಳಿದಿಲ್ಲ. ಚಿತ್ರವನ್ನು ಎರಡನೆಯ ಸಲ ನೋಡಬೇಕು. ಮೊದಲ ಸಲ ನಾಚಿಕೆಯೆಂದು ತೋರಿದ ನೋಟ ಎರಡನೆಯ ಸಲ ನಿಗಾ ಇಟ್ಟ ನೋಟವಾಗಿ ಕಾಣುತ್ತದೆ. ಕೊನೆಯ ಕ್ಷಣಗಳಲ್ಲಿ ಕರ್ತವ್ಯ ಮುಗಿಸಿದ ಅಧಿಕಾರಿಯೂ ನಿಜವಾಗಿ ಪ್ರೀತಿಸಿಬಿಟ್ಟ ಹೆಣ್ಣೂ ಒಂದೇ ಮುಖದಲ್ಲಿ ಇದ್ದಾರೆ. ಶಿವಾಜಿಯವರ ಅಬ್ಬರದ ಪಶ್ಚಾತ್ತಾಪವನ್ನು ಎಲ್ಲರೂ ನೆನೆಯುತ್ತಾರೆ. ಅದರ ಎದುರಿನ ಆ ಮೌನವನ್ನೂ ನೆನೆಯಬೇಕು.

ಎಂಜಿಆರ್ ಚಿತ್ರಗಳು

ಎಂಜಿಆರ್ ಜೊತೆಗಿನ ಚಿತ್ರಗಳ ಗುಣ ಬೇರೆ. ಅವು ನಾಯಕನ ಸುತ್ತ ಕಟ್ಟಿದವು. ನಾಯಕಿಗೆ ಉಳಿಯುವುದು ಜಗಳ, ಪ್ರೇಮ, ಹಾಡು. ಆ ಸಣ್ಣ ಜಾಗದಲ್ಲಿ ಸರೋಜಾದೇವಿ ತಮಗೊಂದು ರೀತಿ ಕಂಡುಕೊಂಡರು. ಕನ್ನಡದ ಛಾಯೆಯಿದ್ದ ಅವರ ತಮಿಳು, ಪದದ ಕೊನೆಯನ್ನು ಕೊಂಚ ಎಳೆದು ಆಡುವ ಕೊಂಕು ತಮಿಳರಿಗೆ ಹಿಡಿಸಿಬಿಟ್ಟಿತು. ಪರಭಾಷೆಯ ಉಚ್ಚಾರಣೆ ಕೊರತೆಯಾಗದೆ ಆಕರ್ಷಣೆಯಾದ ಇಂಥ ಉದಾಹರಣೆ ದಕ್ಷಿಣದ ಚಿತ್ರರಂಗದಲ್ಲಿ ಕಡಿಮೆ. ಈಜುಡುಗೆ, ತೋಳಿಲ್ಲದ ರವಿಕೆ ತೊಡಬಾರದೆಂದು ತಾಯಿ ರುದ್ರಮ್ಮ ಹಾಕಿದ ಕಟ್ಟುಪಾಡನ್ನು ಅವರು ಕೊನೆಯವರೆಗೂ ಪಾಲಿಸಿದರು. ಆದರೂ ಅಂದಿನ ತರುಣಿಯರು ಅನುಕರಿಸಿದ್ದು ಇವರ ಸೀರೆ, ರವಿಕೆ, ತುರುಬುಗಳನ್ನೇ.

ಬೆಸ್ತರ ಬದುಕಿನ ‘ಪಡಗೋಟ್ಟಿ’ (1964), ತೆಲುಗಿನ ‘ರಾಮುಡು ಭೀಮುಡು’ ಆಧರಿಸಿದ ‘ಎಂಗ ವೀಟ್ಟು ಪಿಳ್ಳೈ’ (1965) ಇಬ್ಬರ ಜೋಡಿಯ ದೊಡ್ಡ ಯಶಸ್ಸುಗಳು. ನಟಿಯ ದೃಷ್ಟಿಯಿಂದ ಇವೆರಡಕ್ಕಿಂತ ಮೇಲಿನದು ‘ಅನ್ಬೇ ವಾ’ (1966, ನಿರ್ದೇಶನ ಎ.ಸಿ. ತಿರುಲೋಕಚಂದರ್). ಎವಿಎಂ ಸಂಸ್ಥೆಯ ಮೊದಲ ತಮಿಳು ವರ್ಣಚಿತ್ರ, ಆ ಸಂಸ್ಥೆಗೆ ಎಂಜಿಆರ್ ಮಾಡಿದ ಒಂದೇ ಚಿತ್ರ. ವಿಶ್ರಾಂತಿಗೆಂದು ಶಿಮ್ಲಾದ ತನ್ನ ಬಂಗಲೆಗೆ ಬಂದ ಶ್ರೀಮಂತ, ಅಲ್ಲಿ ಬಾಡಿಗೆಗಿರುವ ಕುಟುಂಬದ ಗೀತಾಳಿಗೆ ತಾನು ಯಾರೆಂದು ಹೇಳುವುದಿಲ್ಲ. ಇಷ್ಟು ವರ್ಷ ಗುಟ್ಟು ಕಾದ ನಟಿಗೆ ಇಲ್ಲಿ ಗುಟ್ಟು ತಿಳಿಯದವಳ ಪಾತ್ರ. ತನ್ನ ಬಾಡಿಗೆದಾರನೆಂದು ಬಗೆದು ಮನೆಯ ಯಜಮಾನನನ್ನೇ ಗದರುವ ಗೀತಾಳ ಹಗುರ, ಚುರುಕು ಅಭಿನಯ ನೋಡಿದರೆ ಹಾಸ್ಯದಲ್ಲೂ ಇವರಿಗೆ ಎಂಥ ಹಿಡಿತವಿತ್ತೆಂದು ತಿಳಿಯುತ್ತದೆ.

1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷದ ‘ಅರಸ ಕಟ್ಟಳೈ’ ಎಂಜಿಆರ್ ಜೊತೆಗಿನ ಕೊನೆಯ ಚಿತ್ರ. ಅದರಲ್ಲಿ ಇನ್ನೊಬ್ಬ ನಾಯಕಿ ಜಯಲಲಿತಾ. ಮದುವೆಯಾದ ನಾಯಕಿಯರು ಮನೆ ಸೇರುತ್ತಿದ್ದ ಕಾಲದಲ್ಲಿ ಇವರು ನಾಯಕಿಯಾಗಿಯೇ ಮುಂದುವರಿದರು.

ಕನ್ನಡದ ಚಿತ್ರಗಳು

ತಮಿಳು ಕೊಡದ್ದನ್ನು ಕನ್ನಡ ಕೊಟ್ಟಿತು: ಕಣ್ಣಿಗೆ ಕಣ್ಣಿಟ್ಟು ಗಟ್ಟಿಯಾಗಿ ಮಾತಾಡುವ ಹೆಣ್ಣು. ‘ವೀರಪಾಂಡಿಯ ಕಟ್ಟಬೊಮ್ಮನ್’ (1959) ಚಿತ್ರದಲ್ಲಿ ಬ್ರಿಟಿಷರನ್ನು ಎದುರಿಸಿದ ಪಾಳೆಯಗಾರನಾಗಿ ಶಿವಾಜಿಯನ್ನು ತೋರಿಸಿದ ಬಿ.ಆರ್. ಪಂತುಲು, ಎರಡು ವರ್ಷಗಳ ನಂತರ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ (1961) ತೆಗೆದರು. ಮಲ್ಲಸರ್ಜ ದೇಸಾಯಿಯಾಗಿ ರಾಜ್‌ಕುಮಾರ್, ಹಿರಿಯ ರಾಣಿ ರುದ್ರಮ್ಮನಾಗಿ ಎಂ.ವಿ. ರಾಜಮ್ಮ, ಚೆನ್ನಮ್ಮನಾಗಿ 23 ವರ್ಷದ ಸರೋಜಾದೇವಿ, ಟಿ.ಜಿ. ಲಿಂಗಪ್ಪ ಅವರ ಸಂಗೀತ. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದದ್ದು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ತೀರಿಕೊಂಡದ್ದು ಇತಿಹಾಸ. ಆ ಇತಿಹಾಸಕ್ಕೆ ಮುಖವೊಂದು ಸಿಕ್ಕಿದ್ದು ಈ ಚಿತ್ರದಿಂದ. ಕಪ್ಪ ಕೇಳಿದವರಿಗೆ ರಾಣಿ ಕೊಡುವ ಉತ್ತರವನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೈಯಲ್ಲಿ ಕತ್ತಿ ಹಿಡಿದ ಪುಟ್ಟ ಹುಡುಗಿಯರು ಇಂದಿಗೂ ಆಡುತ್ತಾರೆ. ಅವರ ನಿಲುವಿನಲ್ಲೂ ಸ್ವರದ ಏರಿಳಿತದಲ್ಲೂ ಸರೋಜಾದೇವಿಯವರ ಗುರುತಿದೆ. ‘ಪಾಲುಂ ಪಳಮುಂ’ ಚಿತ್ರದಲ್ಲಿ ದನಿ ತಗ್ಗಿಸಿ ಗೆದ್ದ ನಟಿ ಅದೇ ವರ್ಷ ಇಲ್ಲಿ ದನಿ ಎತ್ತಿ ಗೆದ್ದಿದ್ದಾರೆ. ಇವೆರಡನ್ನೂ ಒಂದರ ಹಿಂದೆ ಒಂದು ನೋಡಿದವರಿಗೆ ‘ಅಭಿನಯ ಸರಸ್ವತಿ’ ಬಿರುದು ಬರೀ ಹೊಗಳಿಕೆಯಾಗಿ ತೋರದು.

ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ (1964) ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣ್‌ಕುಮಾರ್ ಜಕಣ, ಸರೋಜಾದೇವಿ ಮಂಜರಿ. ತೆಲುಗು ಆವೃತ್ತಿಯಲ್ಲಿ ನಾಯಕ ಅಕ್ಕಿನೇನಿ ನಾಗೇಶ್ವರರಾವ್, ನಾಯಕಿ ಇವರೇ. ಕಥೆಯ ಓಟ ಅಲ್ಲಲ್ಲಿ ನಿಧಾನವೆನಿಸಿದರೂ ನೃತ್ಯದ ಭಾಗಗಳು ಚಿತ್ರವನ್ನು ಎತ್ತಿ ಹಿಡಿಯುತ್ತವೆ.

ಮದುವೆಯ ನಂತರದ ಘಟ್ಟದಲ್ಲಿ ‘ಮಲ್ಲಮ್ಮನ ಪವಾಡ’ (1969) ಎಲ್ಲಕ್ಕಿಂತ ಮುಖ್ಯವಾದದ್ದು. ಬಿ. ಪುಟ್ಟಸ್ವಾಮಯ್ಯ ಅವರ ‘ಅರ್ಧಾಂಗಿ’ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ವಜ್ರಮುನಿ ತೆರೆಗೆ ಬಂದದ್ದು ಇದರಿಂದಲೇ. ಮಲತಾಯಿಯೇ ದೇವರೆಂದು ನಂಬಿದ ಮುಗ್ಧ ಗಂಡನಾಗಿ ರಾಜ್‌ಕುಮಾರ್, ಆ ಮನೆಯ ಕಪಟವನ್ನು ಮೊದಲ ದಿನಗಳಲ್ಲೇ ಅರಿಯುವ ಸೊಸೆ ಮಲ್ಲಮ್ಮನಾಗಿ ಸರೋಜಾದೇವಿ. ಅತ್ತೆಯ ಕುತಂತ್ರಕ್ಕೆ ಪ್ರತಿತಂತ್ರ ಹೂಡಬೇಕು, ಗಂಡನ ನಂಬಿಕೆಗೆ ನೋವಾಗಬಾರದು. ತಮಿಳು ಚಿತ್ರಗಳಲ್ಲಿ ಪಳಗಿದ ಗುಟ್ಟು ಕಾಯುವ ಕಲೆ, ಚೆನ್ನಮ್ಮನಿಂದ ಬಂದ ಅಧಿಕಾರದ ದನಿ ಎರಡೂ ಇಲ್ಲಿ ಒಂದೇ ಪಾತ್ರದಲ್ಲಿ ಸೇರಿವೆ. ಇದೇ ಕಾದಂಬರಿಯ ಕಥೆ ಮುಂದೆ ತಮಿಳಿಗೆ ‘ಎಂಗ ಚಿನ್ನ ರಾಸಾ’ (1987), ಹಿಂದಿಗೆ ‘ಬೇಟಾ’ (1992) ಆಗಿ ಹೋಯಿತು. ತಮಿಳಿನಿಂದ ಕನ್ನಡಕ್ಕೆ ಕಥೆಗಳು ಹರಿದುಬರುತ್ತಿದ್ದುದನ್ನೇ ಹೆಚ್ಚಾಗಿ ಹೇಳುವ ನಾವು, ಇಲ್ಲಿಂದ ಅಲ್ಲಿಗೆ ಹೋದ ಈ ಕಥೆಯನ್ನೂ ಹೆಮ್ಮೆಯಿಂದ ಹೇಳಬಹುದು.

‘ನ್ಯಾಯವೇ ದೇವರು’ (1971), ‘ಶ್ರೀನಿವಾಸ ಕಲ್ಯಾಣ’ (1974), ‘ಭಾಗ್ಯವಂತರು’ (1977) ಚಿತ್ರಗಳಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದರು. ‘ಬಬ್ರುವಾಹನ’ (1977) ಚಿತ್ರದಲ್ಲಿ ಚಿತ್ರಾಂಗದೆಯಾದರು. ಪುಟ್ಟಣ್ಣನವರು ಮೂರು ಸಣ್ಣಕಥೆಗಳಿಂದ ಕಟ್ಟಿದ ‘ಕಥಾಸಂಗಮ’ದಲ್ಲಿ (1976) ವೀಣಾ ಎಲಬುರ್ಗಿ ಅವರ ‘ಅತಿಥಿ’ ಕಥೆಯ ಮುಖ್ಯ ಪಾತ್ರ ಇವರದು. ತಾರಾಮೌಲ್ಯದ ಹಂಗಿಲ್ಲದೆ ನಡುವಯಸ್ಸಿನ ಹೆಣ್ಣಾಗಿ ಕಾಣಿಸಿಕೊಂಡ ಈ ಕಿರುಭಾಗಕ್ಕೆ ಇನ್ನಷ್ಟು ನೋಡುಗರು ಸಿಗಬೇಕು.

ಇತರ ಭಾಷೆಗಳು, ಗೌರವಗಳು

ತೆಲುಗಿನಲ್ಲಿ ‘ಜಗದೇಕವೀರುನಿ ಕಥ’ (1961), ಮಂಡೋದರಿಯಾಗಿ ನಟಿಸಿದ ‘ಸೀತಾರಾಮ ಕಲ್ಯಾಣಂ’ (1961). ಹಿಂದಿಯಲ್ಲಿ ದಿಲೀಪ್‌ಕುಮಾರ್ ಅವರ ‘ಪೈಗಾಮ್’ (1959), ರಾಜೇಂದ್ರಕುಮಾರ್ ಜೊತೆಗಿನ ‘ಸಸುರಾಲ್’ (1961) ಪ್ರಸಿದ್ಧ. ತಮಿಳಿನಲ್ಲಿ ‘ಆದವನ್’ (2009), ಕನ್ನಡದಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ನಟಸಾರ್ವಭೌಮ’ (2019) ಕೊನೆಯ ವರ್ಷಗಳಲ್ಲಿ ಕಾಣಿಸಿಕೊಂಡ ಚಿತ್ರಗಳು. ಬಾಲಕ ಪುನೀತ್ ಜೊತೆ ‘ಯಾರಿವನು’ (1984) ಚಿತ್ರದಲ್ಲೂ ನಟಿಸಿದ್ದರು. ಪದ್ಮಶ್ರೀ (1969), ಪದ್ಮಭೂಷಣ (1992) ಪುರಸ್ಕೃತರು. ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಮಲ್ಲೇಶ್ವರದ ಮನೆಯಲ್ಲಿ 87ರ ವಯಸ್ಸಿನಲ್ಲಿ ನಿಧನರಾದರು. ನೇತ್ರದಾನ ಮಾಡಿದ್ದರು, ಅವರ ಕಣ್ಣುಗಳನ್ನು ನಾರಾಯಣ ನೇತ್ರಾಲಯ ಪಡೆದುಕೊಂಡಿತು. ಮರುದಿನ, 2025ರ ಜುಲೈ 15ರಂದು, ದಶವಾರದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವಿಷ್ಣುವರ್ಧನ್ ಅವರಿಗೂ ಇವರಿಗೂ ಮರಣೋತ್ತರವಾಗಿ ‘ಕರ್ನಾಟಕ ರತ್ನ’ ಪ್ರಕಟಿಸಿತು.

ಹೊಸದಾಗಿ ನೋಡಹೊರಟವರು ‘ಅನ್ಬೇ ವಾ’ ಚಿತ್ರದಿಂದ ಆರಂಭಿಸಿದರೆ ಆ ಮುಖ, ಆ ಮಾತು ಪರಿಚಯವಾಗುತ್ತದೆ. ಬಳಿಕ ‘ಕಲ್ಯಾಣ ಪರಿಸು’, ‘ಪಾಲುಂ ಪಳಮುಂ’, ‘ಪುದಿಯ ಪರವೈ’ ಈ ಕ್ರಮದಲ್ಲಿ ನೋಡಬಹುದು. ತಮಿಳು ಬಾರದವರಿಗೂ ಕಥೆ ತಿಳಿಯುತ್ತದೆ, ಆಕೆಯ ಕಣ್ಣೇ ಅರ್ಧ ಹೇಳುತ್ತದೆ. ‘ಕಿತ್ತೂರು ಚೆನ್ನಮ್ಮ’ವನ್ನು ಮನೆಯ ಮಕ್ಕಳ ಜೊತೆ ಕೂತು ನೋಡಬೇಕು. ‘ಮಲ್ಲಮ್ಮನ ಪವಾಡ’ವನ್ನು ಕೊನೆಗಿಟ್ಟುಕೊಂಡರೆ ಒಳ್ಳೆಯದು, ಉಳಿದ ಐದರಲ್ಲಿ ಕಂಡದ್ದೆಲ್ಲ ಅದರಲ್ಲಿ ಒಟ್ಟಿಗೆ ಸಿಗುತ್ತದೆ.